ಅಕ್ಕ ಬಿಟ್ಟುಹೋದ ಕಾಯಿ

ಫೆಬ್ರವರಿ ೩

ಆ ಮನುಷ್ಯ ಬಂದಿದ್ದ. ಅಕ್ಕನ ಗಂಡ. ಅಕ್ಕ ಹೋದ ಮೇಲೆ ಈ ಮನೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಕಂಕುಳಲ್ಲಿ ಏನೋ ಇಟ್ಟುಕೊಂಡು, ಅದಕ್ಕೆ ಅಕ್ಕನ ಶಾಲು ಸುತ್ತಿ, ಜ್ವರ ಬಂದ ಮಗುವನ್ನು ಡಾಕ್ಟರ ಹತ್ತಿರ ತಂದವನ ಹಾಗೆ ಬಾಗಿಲಲ್ಲಿ ನಿಂತಿದ್ದ. ಬಸ್ ಕಂಡಕ್ಟರ್ ಆಗಿದ್ದವನು, ಇಡೀ ಬೀದಿಗೆ ಕೇಳುವ ಗಂಟಲು. ಇವತ್ತು ಮಾತ್ರ ಸ್ವರವೇ ಏಳುತ್ತಿರಲಿಲ್ಲ. ಒಳಗೆ ಬನ್ನಿ ಅಂದೆ. ಅನ್ನದೆ ಇರೋಕಾಗುತ್ತಾ.

ಶಾಲು ಬಿಚ್ಚಿದರೆ ಅಕ್ಕನ ಆರ್ಕಿಡ್ ಕುಂಡ. ಹಳದಿ ಹೂವಿನ ಮೇಲೆ ಕೆಂಪು ಚುಕ್ಕಿ ಇರುವುದು, ಅವಳ ಪ್ರಾಣ. ಈಗ ಗಿಡದ ನೆತ್ತಿ ಕೊಳೆತಿದೆ. ಎಲೆ ಮುಟ್ಟಿದರೆ ಕೈಗೇ ಬರುತ್ತದೆ.

"ನೀರು ಜಾಸ್ತಿ ಹಾಕಿದ್ದೀರಿ," ಅಂದೆ.

"ಅವಳು ದಿನಾ ಹಾಕ್ತಿದ್ಲು ಅನ್ಕೊಂಡೆ," ಅಂದ.

ದಿನಾ ಹಾಕುತ್ತಿದ್ದಳಂತೆ. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಇದ್ದು ಅಷ್ಟೂ ಗೊತ್ತಿಲ್ಲ.

ಗಿಡ ಉಳಿಯುವುದಿಲ್ಲ. ಆದರೆ ದಂಟಿನಲ್ಲಿ ಒಂದು ಕಾಯಿ ಇದೆ. ಬೆರಳಿನ ಗಾತ್ರ, ಹಸಿರು, ಗಟ್ಟಿಯಾಗಿದೆ. ಹಾಸಿಗೆ ಹಿಡಿಯುವ ಮುಂಚೆ ಅಕ್ಕ ಬೆಂಕಿಕಡ್ಡಿ ತುದಿಯಿಂದ ಹೂವಿಗೆ ಪರಾಗ ಮುಟ್ಟಿಸಿ ಕಟ್ಟಿಸಿದ ಕಾಯಿ. ಆಮೇಲೆ ಅವಳು ಗಿಡದ ಹತ್ತಿರ ಹೋಗಲೇ ಇಲ್ಲವಂತೆ. ಇದರ ಬೀಜದಿಂದ ಸಸಿ ಮಾಡಿಕೊಡು ಅಂತ ಕೇಳುವುದಕ್ಕೆ ಬಂದಿದ್ದ.

"ನಿನಗೆ ಕ್ರಿಮಿ ವಿಷಯ ಎಲ್ಲ ಗೊತ್ತಲ್ಲ, ಇನ್‌ಸ್ಪೆಕ್ಟ್ರೇ."

ಇನ್‌ಸ್ಪೆಕ್ಟ್ರು ಅಂತ ನನಗೆ ಹೆಸರಿಟ್ಟವಳು ಅಕ್ಕ. ಅವಳ ಬಾಯಲ್ಲಿ ಚೆಂದ ಇತ್ತು.

ಗೊತ್ತು ಅನ್ನುವುದೇನೋ ನಿಜ. ಆಸ್ಪತ್ರೆಯಲ್ಲಿ ಕತ್ತರಿ, ಚಾಕು, ಬಟ್ಟೆ ಎಲ್ಲ ಹಬೆಯಲ್ಲಿ ಶುದ್ಧ ಮಾಡುವ ಕೋಣೆಯನ್ನು ನಿವೃತ್ತಿ ತನಕ ಆಳಿದವಳು ನಾನು. ದೊಡ್ಡ ಸರ್ಜನ್‌ಗಳೂ ನನ್ನ ಬಾಗಿಲಿಗೆ ಬಂದರೆ ಚಪ್ಪಲಿ ಬಿಚ್ಚಿ ನಿಲ್ಲುತ್ತಿದ್ದರು. ಆರ್ಕಿಡ್ ಬೀಜ ಅಂದರೆ ಧೂಳು. ಒಳಗೆ ಒಂದು ತುತ್ತು ಆಹಾರವೂ ಇರುವುದಿಲ್ಲ. ಮಣ್ಣಿಗೆ ಹಾಕಿದರೆ ಮಣ್ಣಾಗುತ್ತದೆ. ಬಾಟಲಿಯಲ್ಲಿಟ್ಟು ಸಕ್ಕರೆ ಊಡಿಸಿ ಸಾಕಬೇಕು. ಆ ಸಕ್ಕರೆಗೆ ಬೂಷ್ಟೂ ಬಾಯಿಬಿಟ್ಟುಕೊಂಡು ಕಾದಿರುತ್ತದೆ. ಅದಕ್ಕೇ ನನ್ನ ಹತ್ತಿರ ಬಂದದ್ದು.

ಇಟ್ಟು ಹೋಗಿ ಅಂದೆ. ಅಕ್ಕನ ಕಾಯಿ ಅಂತ ಅಂದೆ, ಅವನ ಮುಖ ನೋಡಿ ಅಲ್ಲ. ಅವಳಿಗೆ ಕಾಯಿಲೆ ಅಂತ ನನಗೆ ಹೇಳಿದ್ದು ಕೊನೆಯ ವಾರದಲ್ಲಿ. ಆಸ್ಪತ್ರೆಯಲ್ಲಿ ಬದುಕು ಸವೆಸಿದ ತಂಗಿಗೇ. ಅದನ್ನು ನಾನು ಮರೆಯುವವಳಲ್ಲ. ಅಕ್ಟೋಬರಿನಲ್ಲಿ ಇಬ್ಬರೂ ಬಂದಿದ್ದಾಗ ಕಿಟಕಿಯಲ್ಲಿದ್ದ ನನ್ನ ಬಿಳಿ ಆರ್ಕಿಡ್‌ಗೆ ಗೂಳಿ ಹಾಗೆ ಅಡ್ಡ ನಿಂತಿದ್ದ. ಎರಡು ದಿನಕ್ಕೆ ಅದರ ಚೆಂದದ ಹೂವು ಜೋತುಬಿತ್ತು, ತಿಂಗಳುಗಟ್ಟಲೆ ಇರುವಂಥ ಹೂವು. ಫೋನ್ ಮಾಡಿ ಬೈದರೆ, ಮೊಣಕೈ ತಾಗಿರಬೇಕು ಅಂದ. ಅದನ್ನೂ ಮರೆತಿಲ್ಲ.

ಆದರೆ ಸಸಿ ಆಗುತ್ತದೆ. ನನ್ನ ಕೈಯಲ್ಲಿ ಆಗದೆ ಇನ್ಯಾರ ಕೈಯಲ್ಲಿ ಆಗುತ್ತದೆ.

ಫೆಬ್ರವರಿ ೯

ಬಾಟಲಿ ಮೇಷ್ಟ್ರು ಅಂತ ಒಬ್ಬರಿದ್ದಾರಂತೆ, ಅವರನ್ನು ಹುಡುಕಿಕೊಂಡು ಹೋಗಿದ್ದೆ. ಹೆಸರು ಕೇಳಿ ಕುಡುಕನಿರಬೇಕು ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದವರಂತೆ. ಮನೆ ತುಂಬ ಜಾಮ್ ಬಾಟಲಿ, ಕಾಫಿ ಬಾಟಲಿ, ಎಲ್ಲದರೊಳಗೂ ಸಸಿ. ದೊಡ್ಡ ಲ್ಯಾಬಿನವರು ತರಿಸುವ ಪುಡಿಗಳೆಲ್ಲ ಬೇಕಿಲ್ಲ, ಅಡುಗೆಮನೆ ಸಾಕು ಅನ್ನುತ್ತಾರೆ. ಸಕ್ಕರೆ, ಎಳನೀರು, ಕಳಿತ ಬಾಳೆಹಣ್ಣು, ಎಲೆಗೆ ಸಿಂಪಡಿಸುವ ಗೊಬ್ಬರ ಒಂದು ಚಿಟಿಕೆ, ಇದ್ದಿಲು ಪುಡಿ. ಹೆಪ್ಪುಗಟ್ಟುವುದಕ್ಕೆ ಅಗರ್, ಜೆಲ್ಲಿ ಮಾಡುವವರು ಹಾಕುವಂಥದ್ದೇ. ಹಬೆಗೆ ಪ್ರೆಷರ್ ಕುಕ್ಕರ್. ಬೀಜ ಹಾಕುವಾಗ ಗಾಳಿ ತಾಗದ ಹಾಗೆ ಹಳೇ ಮೀನಿನ ತೊಟ್ಟಿಯನ್ನು ಅಡ್ಡ ಮಲಗಿಸಿ ಅದರೊಳಗೆ ಕೈಹಾಕಿ ಕೆಲಸ ಮಾಡಬೇಕು.

ನಾನು ನಕ್ಕೆ. ನನ್ನ ಕೋಣೆಯಲ್ಲಿ ಆನೆಗಾತ್ರದ ಯಂತ್ರಗಳಿದ್ದವು. ಈಗ ಕುಕ್ಕರು, ಮೀನಿನ ತೊಟ್ಟಿ.

"ಕಾಯಿ ಹಸಿರಿರುವಾಗಲೇ ಕುಯ್ಯಿರಿ," ಅಂದರು ಮೇಷ್ಟ್ರು. "ಒಳಗೆ ಒಂದು ಕ್ರಿಮಿನೂ ಇರಲ್ಲ, ತಾಯಿ ಹೊಟ್ಟೆ ಇದ್ದ ಹಾಗೆ. ಹೊರಗಡೆಗೆ ಮಾತ್ರ ಹತ್ತು ನಿಮಿಷ ಬ್ಲೀಚು. ಬಿರಿದ ಮೇಲೆ ಕಷ್ಟ."

ಹತ್ತು ನಿಮಿಷವಂತೆ. ಹತ್ತು ನಿಮಿಷದಲ್ಲಿ ನಾನು ಕೈ ಕೂಡ ತೊಳೆದು ಮುಗಿಸುವುದಿಲ್ಲ.

ಫೆಬ್ರವರಿ ೨೩

ಸ್ಟೋರ್ ರೂಮಿನಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕಿ, ಗೋಡೆ ತೊಳೆದು, ಬಾಗಿಲ ಸಂದಿಗೆಲ್ಲ ಟೇಪ್ ಅಂಟಿಸಿದೆ. ಕೋಣೆ ಈಗ ಕೋಣೆಯ ಹಾಗಿದೆ.

ಅವನು ನಾನೂ ಸಹಾಯ ಮಾಡುತ್ತೇನೆ ಅಂತ ಬಂದ. ಬಾಳೆಹಣ್ಣು ಕಿವುಚುವ ಕೆಲಸ ಕೊಟ್ಟೆ. ಕಿವುಚುತ್ತಾ ಮಾತು, ಮಾತು, ಮಾತು. ಬಸ್ಸಿನ ಬ್ರೇಕು ಹೋದದ್ದು, ಯಾರೋ ಸೀಟಿನಲ್ಲಿ ಕೋಳಿ ಬಿಟ್ಟುಹೋದದ್ದು, ಆ ಕೋಳಿಗೆ ಟಿಕೆಟ್ ಹರಿದದ್ದು. ಪಾತ್ರೆಗೆ ಎಷ್ಟು ಎಂಜಲು ಹಾರಿತೋ. "ಬಾಯಿಗೆ ಮಾಸ್ಕು, ಮಾಸ್ಕಿನೊಳಗೆ ಬೀಗ," ಅಂದೆ. ಅಷ್ಟು ಮಾಡಿಯೂ ಹಣ್ಣು ಹುಳಿಯಾಗಿತ್ತು. ಆ ಹುಳಿಗೆ ಅಗರ್ ಹೆಪ್ಪೇ ಕಟ್ಟಲಿಲ್ಲ. ಪೂರ್ತಿ ಚೆಲ್ಲಿದೆ.

ಮೇಷ್ಟ್ರು ಕಾಯಿ ಕುಯ್ಯಿ ಅನ್ನುತ್ತಿದ್ದಾರೆ. ಬಾಟಲಿಗಳು ನೂರಕ್ಕೆ ನೂರು ಸರಿ ಅಂತ ನನಗೆ ಅನ್ನಿಸುವ ತನಕ ನಾನು ಕುಯ್ಯುವುದಿಲ್ಲ. ಖಾಲಿ ಬಾಟಲಿಗಳನ್ನೇ ವಾರಗಟ್ಟಲೆ ಇಟ್ಟು ಪರೀಕ್ಷೆ ಮಾಡುತ್ತೇನೆ. ಒಂದರಲ್ಲಿ ಬೂಷ್ಟು ಕಂಡರೂ ಎಲ್ಲವನ್ನೂ ಚೆಲ್ಲಿ ಮೊದಲಿಂದ.

ಮಾರ್ಚ್ ೧೬

ಕೊನೆಗೂ ಬಿತ್ತಿದೆ. ಎಂಥ ಕೆಲಸ ಆಯಿತು ಅಂದರೆ, ನನ್ನ ಹಳೇ ಸಿಬ್ಬಂದಿ ನೋಡಿದ್ದರೆ ಎದ್ದು ನಿಲ್ಲುತ್ತಿದ್ದರು.

ಒಂದೇ ಒಂದು ಕಿರಿಕಿರಿ. ಕಾಯಿ ಕುಯ್ದು ಮೇಜಿನ ಮೇಲೆ ಕಾಗದ ಹಾಸಿ ಇಡಿ ಅಂತ ಅವನಿಗೆ ಹೇಳಿ, ಮೊಣಕೈ ತನಕ ಕೈ ತಿಕ್ಕಿಕೊಳ್ಳುವುದಕ್ಕೆ ಹೋಗಿದ್ದೆ. ಬಂದು ನೋಡಿದರೆ ಕಾಯಿ ಬರೀ ಮೇಜಿನ ಮೇಲಿದೆ.

"ಕಾಗದ ಎಲ್ಲಿ?"

"ಕೊಳೆ ಆಗಿತ್ತು, ತೆಗೆದಿಟ್ಟೆ. ನೋಡು, ತುದೀಲಿ ಕೂದಲಷ್ಟು ಬಿರುಕಿದೆ. ಬ್ಲೀಚು ಒಳಗೆ ಹೋಗಲ್ವಾ?"

ನನಗೆ ಪಾಠ. ಕುಯ್ಯುವುದು ತಡವಾಯಿತು, ಒಪ್ಪುತ್ತೇನೆ. ಆದರೆ ಬಿರುಕಿದ್ದರೆ ಇನ್ನೂ ಜಾಸ್ತಿ ಹೊತ್ತು ನೆನೆಸಬೇಕು ಅನ್ನುವುದು ಸಾಮಾನ್ಯ ಜ್ಞಾನ. ಮುಕ್ಕಾಲು ಗಂಟೆ ಇಟ್ಟೆ. ಅವನನ್ನು ಹೊರಗೆ ಕಳಿಸಿದೆ. ಬಾಗಿಲಾಚೆ ಅಕ್ಕನ ಕನ್ನಡಕದ ಡಬ್ಬಿ ಹಿಡಿದುಕೊಂಡು ನಿಂತಿದ್ದ. ಅದೊಂದು ಯಾವಾಗಲೂ ಜೇಬಲ್ಲಿರುತ್ತದೆ, ತಾನು ಕನ್ನಡಕ ಹಾಕುವುದೂ ಇಲ್ಲ.

ಅಕ್ಕನ ಗಿಡ ಪೂರ್ತಿ ಕೊಳೆಯಿತು. ಬುಡ ಸಮೇತ ಎಸೆದು ಕುಂಡ ತೊಳೆದಿಟ್ಟಿದ್ದೇನೆ. ಇನ್ನು ಇರುವುದು ಬಾಟಲಿಯಲ್ಲಿರುವುದು ಮಾತ್ರ.

ಏಪ್ರಿಲ್ ೬

ಒಂದು ಬಾಟಲಿಯಲ್ಲೂ ಬೂಷ್ಟಿಲ್ಲ. ಒಂದರಲ್ಲೂ. ಮೇಷ್ಟ್ರ ಬಾಟಲಿಗಳೇ ನಾಲ್ಕರಲ್ಲಿ ಒಂದು ಕೆಡುತ್ತವಂತೆ. ಫೋನ್ ಮಾಡಿ ಹೇಳಿದೆ. "ಹೌದಾ," ಅಂದರು, ಅಷ್ಟೇ. ಹೊಟ್ಟೆ ಉರಿ ಇರಬೇಕು.

ಏಪ್ರಿಲ್ ೨೭

ಹೊಳೆಯುತ್ತಿವೆ ಬಾಟಲಿಗಳು. ಸಾಲಾಗಿ ಜೋಡಿಸಿಟ್ಟಿದ್ದೇನೆ. ಹಸಿರು ಇನ್ನೂ ಇಲ್ಲ. ಅವಸರ ಏನಿದೆ.

ಅವನು ದಿನಾ ಬಂದು ಬಾಗಿಲ ಗಾಜಿನಿಂದ ಇಣುಕಿ ಹೋಗುತ್ತಾನೆ. ಬಂದವನಿಗೆ ಟೀ ಕೊಡದೆ ಇರುವುದಕ್ಕಾಗುವುದಿಲ್ಲ, ಅದೊಂದು ಖರ್ಚು.

ಮೇ ೧೧

ಮೇಷ್ಟ್ರು ಭೂತಗನ್ನಡಿ ತಂದು ನೋಡಿದರು. ಒಂದೊಂದೇ ಬಾಟಲಿ ಬೆಳಕಿಗೆ ಹಿಡಿದು, ತುಂಬ ಹೊತ್ತು.

"ಬ್ಲೀಚು ಎಷ್ಟು ಹೊತ್ತಮ್ಮ?"

ಹೇಳಿದೆ.

"ಬಿರುಕಿತ್ತಾ?"

ಇತ್ತು ಅಂದೆ.

"ಕ್ರಿಮಿ ಜೊತೆಗೆ ಅವೂ ಹೋಗಿವೆ. ಇಷ್ಟು ಕ್ಲೀನಾಗಿರೋ ಬಾಟಲಿ ನನ್ನ ಜನ್ಮದಲ್ಲಿ ನೋಡಿಲ್ಲ. ಆದ್ರೆ ಒಳಗೆ ಜೀವ ಇಲ್ಲ."

ಮೇ ೧೨

ಒಂದೂ ಇಲ್ಲ.

ಮೇ ೧೪

ಅವನಿಗೆ ಹೇಳಿದೆ. ಜಗಳಕ್ಕೆ ಬರಲಿ ಅಂತಲೇ ಹೇಳಿದೆ. ಬಿರುಕಿದೆ ಅಂತ ನಾನು ಹೇಳಿರಲಿಲ್ಲವಾ ಅನ್ನಲಿ ಅಂತ ಕಾದೆ. ಅನ್ನಲಿಲ್ಲ. ಎದ್ದು ಹೋಗಿ ಬಾಟಲಿಗಳನ್ನೆಲ್ಲ ತಂದು ಸಿಂಕಿನಲ್ಲಿ ಒಂದೊಂದಾಗಿ ತೊಳೆದ. ಸರಿಯಾಗಿ ತೊಳೆಯುವುದಕ್ಕೆ ಬರುವುದಿಲ್ಲ, ಅಂಚಿನಲ್ಲೆಲ್ಲ ಇದ್ದಿಲು ಹಾಗೇ ಇತ್ತು. ಹಾಗೇ ತೆಗೆದು ಜೋಡಿಸಿಟ್ಟೆ.

ಅವನು ಹೋದ ಮೇಲೆ ಅತ್ತೆ. ಇದನ್ನು ಯಾರು ಓದುತ್ತಾರೆ, ಅತ್ತೆ ಅಂತಲೇ ಬರೆಯುತ್ತೇನೆ. ಅಕ್ಕ ಸತ್ತಾಗ ಅತ್ತಿರಲಿಲ್ಲ. ಆಗ ತುಂಬ ಕೆಲಸವಿತ್ತು, ಬಂದವರನ್ನು ನೋಡಬೇಕಿತ್ತು, ಡಾಕ್ಟರ ಹತ್ತಿರ ಕಾಗದಕ್ಕೆ ಓಡಾಡಬೇಕಿತ್ತು. ಅವಳು ಬಿಟ್ಟುಹೋದದ್ದು ಒಂದೇ ಒಂದು. ಅದನ್ನು ನನ್ನ ಕೈಯಾರೆ ಸುಟ್ಟೆ.

ಮೇ ೨೫

ಇವತ್ತು ನಡೆದದ್ದನ್ನು ಹೇಗೆ ಬರೆಯಲಿ. ಸಿಟ್ಟು ಇನ್ನೂ ಇಳಿದಿಲ್ಲ.

ಬಂದ. ಕುಳಿತ. ಜೇಬಿನಿಂದ ಅಕ್ಕನ ಕನ್ನಡಕದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಮಡಚಿದ ಕಾಗದ. ಬಿಚ್ಚಿದರೆ ಮಡಿಕೆಯಲ್ಲಿ ಹಳದಿ ಧೂಳು, ಉಗುರಿನಷ್ಟು. ಕಾಯಿಯ ಬಿರುಕಿನಿಂದ ಆವತ್ತು ಉದುರಿದ್ದು. ಕಾಗದ ಕೊಳೆ ಆಗಿತ್ತು ಅಂದದ್ದು ಇದಕ್ಕೆ.

"ಎರಡು ತಿಂಗಳಿಂದ ಇದನ್ನ ಜೇಬಲ್ಲಿ ಇಟ್ಕೊಂಡು ಓಡಾಡ್ತಿದ್ದೀರಾ? ನಾನು ಸತ್ತ ಬಾಟಲಿಗಳನ್ನ ಕಾಯ್ತಾ ಕೂತಿದ್ರೆ?"

"ಸತ್ತಿವೆ ಅಂತ ಆಗ ಗೊತ್ತಿರಲಿಲ್ಲವಲ್ಲ," ಅಂದ. "ಗೊತ್ತಾದ ಮೇಲೆ ಯೋಚನೆ ಮಾಡಿದೆ. ಇದನ್ನೂ ಕೊಟ್ಟು ಇದೂ ಹೋದ್ರೆ, ಅವಳದ್ದು ಅಂತ ನನ್ನ ಹತ್ರ ಏನೂ ಉಳಿಯಲ್ಲ. ಡಬ್ಬಿಯಲ್ಲಿದ್ರೆ ಇದೆ ಅಂತಾದ್ರೂ ಇರುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಮುಚ್ಚಿಡೋದು ನಿಮಗೆ ಹೊಸದೇನಲ್ಲ," ಅಂದೆ. "ಅವಳ ಕಾಯಿಲೆನೂ ಹೀಗೇ ಜೇಬಲ್ಲಿ ಇಟ್ಕೊಂಡಿದ್ರಿ. ನಾನು ಏನಾಗಿದ್ದೆ ಅಂತ ಗೊತ್ತಿರಲಿಲ್ಲವಾ? ಒಂದು ಮಾತು ಹೇಳಿದ್ರೆ ಇಡೀ ಆಸ್ಪತ್ರೆ ಅವಳ ಕಾಲಬುಡಕ್ಕೆ ತಂದಿರ್ತಿದ್ದೆ."

"ಅದಕ್ಕೇ ಹೇಳಬೇಡಿ ಅಂದಿದ್ಲು."

"ಏನು?"

"ಅವಳೇ ಹೇಳಬೇಡಿ ಅಂದಿದ್ಲು. ಡಾಕ್ಟ್ರು ಆಗಲ್ಲ ಅಂತ ಮೊದಲೇ ಹೇಳಿದ್ರು. 'ಇನ್‌ಸ್ಪೆಕ್ಟ್ರಿಗೆ ಗೊತ್ತಾದ್ರೆ ನನ್ನನ್ನ ಸೂಜಿ ಮೇಲೆ ಮಲಗಿಸ್ತಾಳೆ, ಇರೋಷ್ಟು ದಿನ ಗಿಡ ನೋಡ್ಕೊಂಡು ನೆಮ್ಮದಿಯಾಗಿರ್ತೀನಿ' ಅಂದ್ಲು."

"ಅವಳು ಹೇಳಬೇಡಿ ಅಂದ್ರೆ ಬಾಯಿ ಮುಚ್ಕೊಂಡಿರೋದಾ? ಊರಿಗೆಲ್ಲ ಕೇಳೋ ಬಾಯಿ, ನನಗೆ ಹೇಳೋಕೆ ಮಾತ್ರ ಬರಲಿಲ್ಲವಾ?"

ಎದ್ದು ಹೋಗಿ ಅಂದೆ. ಹೋದ. ಡಬ್ಬಿ ಮೇಜಿನ ಮೇಲೇ ಬಿಟ್ಟು ಹೋಗಿದ್ದಾನೆ.

ಮೇ ೨೮

ಅಕ್ಕ ಹಾಗೆ ಹೇಳಿಯೇ ಇರುತ್ತಾಳೆ. ಸೂಜಿ ಮೇಲೆ ಮಲಗಿಸುತ್ತಾಳೆ ಅನ್ನುವುದು ಅವಳದೇ ಮಾತು, ಆ ಮನುಷ್ಯನಿಗೆ ಅಂಥ ಮಾತು ಹೊಳೆಯುವುದಿಲ್ಲ. ಚಿಕ್ಕವಳಿದ್ದಾಗಲೂ ಕಾಲಿಗೆ ಗಾಜು ಚುಚ್ಚಿಕೊಂಡು ಬಂದು, ನನಗೆ ತೋರಿಸದೆ ಕುಂಟುತ್ತಿದ್ದಳು. ತೋರಿಸಿದರೆ ನಾನು ಬಿಸಿನೀರು, ಹತ್ತಿ, ಟಿಂಚರು ಅಂತ ಮನೆಯನ್ನೇ ಎತ್ತಿಹಾಕುತ್ತಿದ್ದೆ.

ಆ ಒಂದು ಮಾತು ಹೊತ್ತುಕೊಂಡು ನನ್ನ ಬೈಗುಳ ಎಲ್ಲ ತಿಂದಿದ್ದಾನೆ.

ಧೂಳು ಹಾಗೇ ಇಟ್ಟರೆ ಹಾಳಾಗುತ್ತದೆ ಅಂತ ಮೇಷ್ಟ್ರು ಹೇಳಿದರು. ಭಾವನಿಗೆ ಫೋನ್ ಮಾಡಿ, ಭಾನುವಾರ ಬನ್ನಿ, ಬಾಳೆಹಣ್ಣು ನೀವೇ ನೋಡಿ ತನ್ನಿ, ಹುಳಿ ಇರಬಾರದು ಅಂದೆ. ಬರುತ್ತೇನೆ ಅಂದರು.

ಜೂನ್ ೧

ಈ ಸಲ ಬೇರೆ ತರಹ. ಕಾಯಿಯ ಹೊಟ್ಟೆಯಲ್ಲಿದ್ದ ಬೀಜ ಅಲ್ಲ ಇದು, ಗಾಳಿ ಕಂಡ ಧೂಳು. ಅದನ್ನೇ ನೇರವಾಗಿ ಬ್ಲೀಚಿನಲ್ಲಿ ತೊಳೆಯಬೇಕು, ನೀರು ಮಿಶ್ರ ಮಾಡಿದ ಸಪ್ಪೆ ಬ್ಲೀಚು, ಸ್ವಲ್ಪವೇ ಹೊತ್ತು. ಇದರಲ್ಲಿ ಕ್ರಿಮಿ ಎಲ್ಲ ಸಾಯುತ್ತದಾ ಅಂತ ಮೇಷ್ಟ್ರನ್ನು ಕೇಳಿದೆ. "ಎಲ್ಲ ಸಾಯಲ್ಲ," ಅಂದರು. "ಸ್ವಲ್ಪ ಬಿಡ್ಬೇಕಮ್ಮ." ಬಿಟ್ಟು ಅಭ್ಯಾಸ ಇಲ್ಲ ನನಗೆ. ಆದರೂ ಸೈ ಅಂದೆ.

ಬೀಜ ಇರುವ ನೀರನ್ನು ಹನಿ ಹನಿಯಾಗಿ ಬಾಟಲಿಗಳಿಗೆ ಹಂಚಬೇಕು. ತೊಟ್ಟಿಯೊಳಗೆ ಕೈ ಹಾಕಿದೆ, ಕೈ ನಡುಗಿತು. ಸರಿಯಾಗಿ ನಿದ್ದೆ ಆಗದ್ದಕ್ಕೆ ಇರಬೇಕು. ಎರಡು ಹನಿ ಹೊರಗೆ ಬಿದ್ದವು. ಭಾವ ನನ್ನ ಕೈಯಿಂದ ಡ್ರಾಪರ್ ತೆಗೆದುಕೊಂಡರು. ಓಡುವ ಬಸ್ಸಿನಲ್ಲಿ ನಿಂತು, ಜನ ತಳ್ಳಾಡುವಾಗ ಚಿಲ್ಲರೆ ಎಣಿಸಿ ಟಿಕೆಟ್ ಹರಿದ ಕೈ ಅದು. ಒಂದು ಹನಿ ಆಚೀಚೆ ಹೋಗಲಿಲ್ಲ. ಅಷ್ಟು ಹೊತ್ತೂ ಒಂದು ಮಾತಾಡಲಿಲ್ಲ. ಮುಗಿಸಿ ಮಾಸ್ಕು ತೆಗೆದಾಗ ಮುಖ ಕೆಂಪಾಗಿತ್ತು. ಉಸಿರು ಕಟ್ಟಿಕೊಂಡೇ ಇದ್ದರಂತೆ.

"ಉಸಿರಾಡಬೇಡಿ ಅಂತ ಯಾರು ಹೇಳಿದ್ರು?"

"ನೀನು ಹೇಳ್ತೀಯ ಅನ್ಕೊಂಡೆ," ಅಂದರು.

ಡಬ್ಬಿ ಖಾಲಿ ಮಾಡಿ ವಾಪಸ್ ಕೊಟ್ಟೆ. ಒಳಗೆ ನೋಡಿ ಮುಚ್ಚಿ ಜೇಬಿಗೆ ಹಾಕಿಕೊಂಡರು.

ಜೂನ್ ೧೫

ಬೂಷ್ಟು. ಮೂರು ಬಾಟಲಿಗಳಲ್ಲಿ, ಬೆಕ್ಕಿನ ಬಾಲದ ಹಾಗೆ. ಎಸೆದೆ.

ಜೂನ್ ೨೨

ಇನ್ನೂ ಎರಡು ಹೋದವು. ನನ್ನ ಕೋಣೆಯಲ್ಲಿ ಬೂಷ್ಟು ಅನ್ನುವ ಮಾತು ನನ್ನ ಹಳೇ ಸಿಬ್ಬಂದಿ ಕಿವಿಗೆ ಬಿದ್ದರೆ ಒಂದು ವಾರ ನಗುತ್ತಾರೆ. ಎಸೆದು, ಕೈ ತೊಳೆದುಕೊಂಡು, ಭಾವನ ಜೊತೆ ಟೀ ಕುಡಿದೆ. ಸೀಟಿನಲ್ಲಿ ಬಿಟ್ಟುಹೋದ ಕೋಳಿ ಕೊನೆಗೆ ಏನಾಯಿತು ಅಂತ ಕೇಳಿದೆ. ಡಿಪೋದಲ್ಲೇ ಸಾಕಿದರಂತೆ, ಇನ್‌ಚಾರ್ಜ್ ಕುರ್ಚಿ ಮೇಲೆ ಮೊಟ್ಟೆ ಇಡುತ್ತಿತ್ತಂತೆ.

ಜುಲೈ ೧೩

ಹಸಿರು.

ಉಳಿದ ಎರಡು ಬಾಟಲಿಗಳಲ್ಲೂ. ಮೊದಲು ಕಣ್ಣು ಮಂಜಾಗಿದೆ ಅಂದುಕೊಂಡೆ. ಕನ್ನಡಕ ಒರೆಸಿ ನೋಡಿದೆ. ಕಪ್ಪು ಜೆಲ್ಲಿಯ ಮೇಲೆ ಹಸಿರು ಧೂಳು ಹಾಸಿದ ಹಾಗೆ ಇದೆ. ಫೋನ್ ಮಾಡಿ "ಬನ್ನಿ" ಅಂತಷ್ಟೇ ಅಂದೆ. ಎರಡು ಬೀದಿ ಓಡಿಕೊಂಡೇ ಬಂದರು ಅಂತ ಕಾಣುತ್ತದೆ, ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದರು. ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಮಾಸ್ಕು ಹಾಕಿಸುವುದು ಮರೆತೇಹೋಯಿತು, ಈಗ ಬರೆಯುವಾಗ ನೆನಪಾಗುತ್ತಿದೆ. ಬಾಟಲಿ ಮುಚ್ಚಿಯೇ ಇತ್ತಲ್ಲ, ಪರವಾಗಿಲ್ಲ.

ನಾನು ಮೊದಲೇ ಹೇಳಿದ್ದೆ, ಆಗುತ್ತದೆ ಅಂತ.

ನವೆಂಬರ್ ೯

ಸಸಿಗಳಿಗೆ ಎಲೆ ಬಂದಿದೆ, ಅಕ್ಕಿಕಾಳಿಗಿಂತ ಚಿಕ್ಕವು. ಇವತ್ತು ಹೊಸ ಜೆಲ್ಲಿಯ ಬಾಟಲಿಗಳಿಗೆ ಬದಲಾಯಿಸಿದೆವು. ನಾನು ಒಂದೊಂದಕ್ಕೂ ಜಾಗ ಬಿಟ್ಟು ಆಸ್ಪತ್ರೆ ಮಂಚಗಳ ಹಾಗೆ ಸಾಲಾಗಿ ನೆಟ್ಟೆ. ನೋಡುವುದಕ್ಕೆ ಕಣ್ಣಿಗೆ ಹಬ್ಬ. ಕೊನೆಗೆ ಸಣ್ಣಪುಟ್ಟವು ಒಂದಿಷ್ಟು ಉಳಿದವು, ಬಾಟಲಿ ಒಂದೇ ಇತ್ತು. ಬಿಸಾಡುವುದಕ್ಕೆ ಹೊರಟಿದ್ದೆ. ಭಾವ ಚಿಮಟ ಇಸಿದುಕೊಂಡು ಎಲ್ಲವನ್ನೂ ಅದೇ ಬಾಟಲಿಗೆ ತುರುಕಿದರು. "ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಜಾಗ ಇದೆ" ಅನ್ನುತ್ತಾ. ಮಾಸ್ಕಿನೊಳಗೆ ನಗು ತಡೆಯುವುದಕ್ಕೆ ನನಗೆ ಕಷ್ಟವಾಯಿತು. ಮುಚ್ಚಳದ ಮೇಲೆ "ಬಸ್ಸು" ಅಂತ ಬರೆದಿಟ್ಟಿದ್ದೇನೆ. ಅದು ಬದುಕುವುದಿಲ್ಲ, ಆದರೆ ಅವರಿಗೆ ಬೇಜಾರಾಗುವುದು ಬೇಡ.

ಮಾರ್ಚ್ ೮

ಬಸ್ಸಿನಲ್ಲಿ ತಳ್ಳಾಟ. ಒಂದರ ಮೇಲೊಂದು ಬಿದ್ದು ಎಲೆ ಬಿಟ್ಟಿವೆ, ಬೇರು ಗಾಜಿಗೆ ಒತ್ತಿಕೊಂಡಿದೆ. ನನ್ನ ಸಾಲು ಮಂಚದವು ನೆಟ್ಟ ದಿನ ಹೇಗಿದ್ದವೋ ಹಾಗೇ ಮುಖ ಊದಿಸಿಕೊಂಡು ನಿಂತಿವೆ.

ಮೇಷ್ಟ್ರಿಗೆ ತೋರಿಸಿದೆ. "ಇವು ಹೀಗೇ. ಒತ್ತಿಕೊಂಡಿದ್ರೇನೇ ಬೆಳೆಯೋದು," ಅಂದರು. ಮೊದಲೇ ಹೇಳಬಾರದಿತ್ತಾ ಅಂದರೆ, "ನೀವು ಕೇಳ್ತಿದ್ರಾ?" ಅಂದರು. ತಲೆಹರಟೆ ಮನುಷ್ಯ.

ಎಲ್ಲವನ್ನೂ ಗುಂಪು ಗುಂಪಾಗಿ ಬದಲಾಯಿಸಿದೆವು. ಭಾವನಿಗೆ ಈಚೆಗೆ ಬೆಳಿಗ್ಗೆ ಮಂಡಿ ನೋವು, ಮೆಟ್ಟಿಲು ಹತ್ತಿ ಬಾಗಿಲು ತಟ್ಟಿ ಕಾಯುವುದು ಬೇಡ ಅಂತ ಒಂದು ಬೀಗದ ಕೈ ಮಾಡಿಸಿಕೊಟ್ಟೆ.

ಜುಲೈ ೧೯

ಇವತ್ತು ಬಾಟಲಿಯಿಂದ ಹೊರಗೆ ತೆಗೆದೆವು. ಮೇಷ್ಟ್ರೂ ಬಂದಿದ್ದರು. ಎಲ್ಲರಿಗಿಂತ ಹೆಚ್ಚು ಹೆದರಿದ್ದು ನಾನು, ಆದರೆ ತೋರಿಸಿಕೊಳ್ಳಲಿಲ್ಲ. ಹುಟ್ಟಿದಾಗಿನಿಂದ ಗಾಜಿನೊಳಗೇ ಇದ್ದವು. ಇನ್ನು ಗಾಳಿ, ಧೂಳು, ಎಲ್ಲರ ಉಸಿರು. ಬೇರಿಗೆ ಅಂಟಿದ ಜೆಲ್ಲಿಯನ್ನು ನಲ್ಲಿ ನೀರಿನಲ್ಲಿ ಬೆರಳಿಂದಲೇ ಬಿಡಿಸಬೇಕು, ಗ್ಲೌಸ್ ಹಾಕಿದರೆ ಗೊತ್ತಾಗುವುದಿಲ್ಲ. ಬರಿಗೈಯಲ್ಲಿ ಮುಟ್ಟಿದೆ. ತಣ್ಣಗಿದ್ದವು, ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿದ್ದವು.

ಅಕ್ಕನ ಕುಂಡವನ್ನು ನಾನು ತೊಳೆದಿಟ್ಟಿದ್ದೆನಲ್ಲ, ಅದರಲ್ಲೇ ಬಸ್ಸಿನವನ್ನೆಲ್ಲ ಒಟ್ಟಿಗೆ ಕೂರಿಸಿದೆವು. ಉಳಿದವು ಬೇರೆ ಕುಂಡಗಳಲ್ಲಿ. ಮೇಷ್ಟ್ರು ಪ್ಲಾಸ್ಟಿಕ್ ಪಟ್ಟಿ ಕೊಟ್ಟು, "ತಾಯಿ ಯಾವುದು, ತಂದೆ ಯಾವುದು, ಬರೀರಿ," ಅಂದರು. ಪರಾಗ ಕೊಟ್ಟ ಗಿಡ ತಂದೆ ಅಂತ ಲೆಕ್ಕ.

"ತಾಯಿ ಅಕ್ಕನ ಗಿಡ," ಅಂದೆ. "ತಂದೆ ಯಾವುದೋ ಯಾರಿಗೆ ಗೊತ್ತು. ಅದರದೇ ಪರಾಗ ಇರಬೇಕು."

ಭಾವ ನಲ್ಲಿ ನಿಲ್ಲಿಸಿದರು. "ತಂದೆ ಇಲ್ಲೇ ಇದೆಯಲ್ಲ," ಅಂದರು.

"ಎಲ್ಲಿ?"

ಒದ್ದೆ ಕೈಯಲ್ಲೇ ಕಿಟಕಿ ಕಡೆ ತೋರಿಸಿದರು. ನನ್ನ ಬಿಳಿ ಆರ್ಕಿಡ್ ಕಡೆಗೆ.

"ಆವತ್ತು ನೀನು ಟೀ ಮಾಡೋಕೆ ಒಳಗೆ ಹೋದೆ. ಅವಳು ಕಡ್ಡಿಪೆಟ್ಟಿಗೆ ಚೀಲದಲ್ಲೇ ಇಟ್ಕೊಂಡು ಬಂದಿದ್ಲು, ಇದರ ಪರಾಗ ಕಡ್ಡಿ ತುದೀಲಿ ತೆಗೆದು ಅದರಲ್ಲೇ ಹಾಕ್ಕೊಂಡ್ಲು. ನೀನು ನೋಡಬಾರದು ಅಂತ ನನ್ನನ್ನ ಅಡ್ಡ ನಿಲ್ಲಿಸಿದ್ಲು."

"ಪರಾಗ ತೆಗೆದ ಹೂವು ಎರಡು ದಿನಕ್ಕೆ ಬಾಡುತ್ತೆ," ಅಂದರು ಮೇಷ್ಟ್ರು, ಯಾರೂ ಕೇಳದಿದ್ದರೂ.

"ಅದೂ ಗೊತ್ತಿತ್ತು ಅವಳಿಗೆ," ಅಂದರು ಭಾವ. "ಬೈಗುಳ ನಿಮ್ಮ ಪಾಲಿಗೆ ಬರುತ್ತೆ, ತಿನ್ಕೊಳ್ಳಿ ಅಂದಿದ್ಲು."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಬೇಡಿ ಅಂದಿದ್ಲು. ಹೂವು ಬಿಟ್ಟಾಗ ಹೇಳ್ಬೇಕಂತೆ. 'ನಮಗೂ ಮಕ್ಕಳಿಲ್ಲ, ಇನ್‌ಸ್ಪೆಕ್ಟ್ರಿಗೂ ಇಲ್ಲ, ನಮ್ಮ ಅಕ್ಕ ತಂಗಿ ಗಿಡ ಸೇರಿದ್ರೆ ಹೇಗಿರುತ್ತೋ ನೋಡೋಣ' ಅಂದ್ಲು. ನೋಡೋಣ ಅಂತಲೇ ಅಂದ್ಲು, ತಾನಿರಲ್ಲ ಅಂತ ಅವಳಿಗೆ ಗೊತ್ತಿದ್ರೂನು. ಹೂವಿಗೆ ಇನ್ನೂ ಮೂರು ನಾಲ್ಕು ವರ್ಷ ಬೇಕಂತಾರೆ. ನನ್ನ ಗ್ಯಾರಂಟಿ ಏನು? ಅದಕ್ಕೇ ಹೇಳಿಬಿಟ್ಟೆ."

ಅದೇ ಮಾತು, ಹೇಳಬೇಡಿ ಅಂದಿದ್ಲು. ಈ ಸಲ ಸಿಟ್ಟು ಬರಲಿಲ್ಲ. ಸಿಂಕಿನ ಪಕ್ಕ ನೆಲದ ಮೇಲೇ ಕೂತುಬಿಟ್ಟೆ. ಕೆನ್ನೆ ಒರೆಸಿಕೊಳ್ಳುವುದಕ್ಕೆ ಹೋಗಿ ಮುಖಕ್ಕೆಲ್ಲ ಇದ್ದಿಲು ಮೆತ್ತಿಕೊಂಡೆ. ಮೇಷ್ಟ್ರು ಪಾಪ, ಕಿಟಕಿಯಿಂದಾಚೆ ಬೀದಿ ನೋಡುತ್ತಾ ನಿಂತರು. ನಾನು ನೋಡಬಾರದು ಅಂತ ಅಕ್ಕ ಎರಡು ವಿಷಯ ಮುಚ್ಚಿಟ್ಟಿದ್ದಳು. ಒಂದು ಸಾಯುವುದು. ಇನ್ನೊಂದು ಇದು.

ಆಮೇಲೆ ಎದ್ದು ಪಟ್ಟಿಯ ಮೇಲೆ ಬರೆದೆ. ತಾಯಿ, ಅಕ್ಕನದು. ತಂದೆ, ನನ್ನದು. ಬರೆದು ಓದಿಕೊಂಡಾಗ ನಗು ಬಂತು. ಮದುವೆಯೇ ಆಗದೆ ತಪ್ಪಿಸಿಕೊಂಡಿದ್ದವಳನ್ನು ಈ ವಯಸ್ಸಿನಲ್ಲಿ ತಂದೆ ಮಾಡಿ ಹೋಗಿದ್ದಾಳೆ.

ಹೊರಡುವಾಗ ಭಾವನಿಗೆ ಅಕ್ಕನ ಕುಂಡ ಕೊಟ್ಟೆ, ತೆಗೆದುಕೊಂಡು ಹೋಗಿ, ನಿಮ್ಮದು ಅಂತ. ಶಾಲು ಕೂಡ ಮಡಚಿಟ್ಟಿದ್ದೆ. ಶಾಲು ಮಾತ್ರ ತೆಗೆದುಕೊಂಡರು. ಕುಂಡವನ್ನು ಕಿಟಕಿಯಲ್ಲಿ ಬಿಳಿ ಗಿಡದ ಪಕ್ಕಕ್ಕೆ ಒತ್ತಿ ಇಟ್ಟು, "ತಂದೆ ಹತ್ರಾನೇ ಇರಲಿ, ನಾನು ದಿನಾ ಬಂದು ನೋಡ್ಕೊಂಡು ಹೋಗ್ತೀನಿ," ಅಂದರು.

ಬನ್ನಿ ಅಂದೆ, ಆದರೆ ನೀರು ಮಾತ್ರ ನೀವು ಹಾಕಬೇಡಿ.